ನೋವಿಲ್ಲದ ಬುದ್ಧಿಹಲ್ಲನ್ನೂ ಕೀಳಿಸಬೇಕೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬುದ್ಧಿಹಲ್ಲಿನ ಕುರಿತಾದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 23 ವರ್ಷ. ಹಲ್ಲು ಸ್ವಚ್ಛ ಮಾಡಿಸಲು ಹೋದಾಗ ತೆಗೆದ ಎಕ್ಸ್‌ರೇಯಲ್ಲಿ ಕೆಳದವಡೆಯ ಎರಡೂ ಬುದ್ಧಿಹಲ್ಲುಗಳು ಓರೆಯಾಗಿ ಸಿಕ್ಕಿಕೊಂಡಿರುವುದು ಕಂಡಿತು. ಒಬ್ಬ ವೈದ್ಯರು ಈಗಲೇ ತೆಗೆಸಿಬಿಡಿ ಎಂದರು. ಇನ್ನೊಬ್ಬರು ನೋವಿಲ್ಲದಿದ್ದರೆ ಮುಟ್ಟಲೇಬೇಡಿ ಎಂದರು. ಯಾರ ಮಾತು ಕೇಳಲಿ?

ಉತ್ತರ: ಈ ತೀರ್ಮಾನಕ್ಕೆ ನೋವು ಸರಿಯಾದ ಅಳತೆಗೋಲಲ್ಲ. ಹಲ್ಲಿನಲ್ಲಾಗಲಿ ಅದರ ಸುತ್ತಲಾಗಲಿ ರೋಗ ಇದೆಯೇ, ಇಲ್ಲದಿದ್ದರೆ ಬರುವ ಸಂಭವ ಎಷ್ಟು ಎಂಬುದನ್ನು ನೋಡಬೇಕು. ಬುದ್ಧಿಹಲ್ಲು ಮುಂದಕ್ಕೆ ವಾಲಿ ಪಕ್ಕದ ದವಡೆಹಲ್ಲಿಗೆ ಒತ್ತಿಕೊಂಡಾಗ ಇವೆರಡರ ನಡುವೆ ಬ್ರಷ್ ತಲುಪದ ಒಂದು ಸಂದು ಉಂಟಾಗುತ್ತದೆ. ಅಲ್ಲಿ ಕೂಳು ನಿಂತು ದವಡೆಹಲ್ಲಿನ ಹಿಂಬದಿ ಹುಳುಕಾಗತೊಡಗಿದರೆ ಬಹುಕಾಲ ಯಾವ ಸೂಚನೆಯೂ ಸಿಗದು. ನೋವು ಶುರುವಾಗುವ ಹೊತ್ತಿಗೆ ಹುಳುಕು ಹಲ್ಲಿನ ತಿರುಳನ್ನು ಮುಟ್ಟಿರುತ್ತದೆ. ಅಗಿಯಲು ನಿಜವಾಗಿ ಬೇಕಾಗಿರುವ ಹಲ್ಲನ್ನು ಹೀಗೆ ಕಳೆದುಕೊಂಡವರನ್ನು ನೋಡಿರುವ ನನಗೆ ‘ನೋವಿಲ್ಲದಿದ್ದರೆ ಮುಟ್ಟಬೇಡಿ’ ಎಂಬ ಮಾತು ಅರ್ಧ ಮಾತ್ರ ಸರಿ ಎನಿಸುತ್ತದೆ.

ಹಾಗೆಂದು ‘ಸಿಕ್ಕಿಕೊಂಡಿದೆ, ಆದ್ದರಿಂದ ತೆಗೆಯಬೇಕು’ ಎಂಬ ವಾದವೂ ನಿಲ್ಲುವುದಿಲ್ಲ. ಬುದ್ಧಿಹಲ್ಲು ಪೂರ್ತಿಯಾಗಿ ಮೂಳೆಯೊಳಗೇ ಹುದುಗಿದ್ದು ಬಾಯಿಯ ಸಂಪರ್ಕಕ್ಕೆ ಬಾರದಿದ್ದರೆ ಅದಕ್ಕೆ ಹುಳುಕು ಹಿಡಿಯುವ ಪ್ರಶ್ನೆಯೇ ಇಲ್ಲ. ಅದರ ಸುತ್ತ ನೀರುಗುಳ್ಳೆಯಂಥ ಚೀಲ ಬೆಳೆಯುವುದೂ ಪಕ್ಕದ ಹಲ್ಲಿನ ಬೇರು ಕರಗುವುದೂ ಸಾಧ್ಯ. ಆದರೆ ಅವು ಅಪರೂಪ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಯೋಗ್ಯತೆಯನ್ನು ಪರಿಶೀಲಿಸುವ ನೈಸ್ ಸಂಸ್ಥೆ 2000ದಲ್ಲಿ ಹೊರಡಿಸಿದ ಮಾರ್ಗಸೂಚಿಯು, ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ಕೀಳುವುದನ್ನು ನಿಲ್ಲಿಸಬೇಕೆಂದು ಹೇಳಿತು. ಈ ನಿಲುವನ್ನು ಎಲ್ಲ ದೇಶಗಳ ಶಸ್ತ್ರವೈದ್ಯರೂ ಒಪ್ಪಿಲ್ಲ. ವಯಸ್ಸು ಏರಿದಂತೆ ಮೂಳೆ ಗಟ್ಟಿಯಾಗುತ್ತದೆ, ಬೇರು ಪೂರ್ತಿ ಬೆಳೆದಿರುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ ಎಂಬ ಅವರ ಆಕ್ಷೇಪದಲ್ಲಿ ತಥ್ಯವಿದೆ. ನಿಮ್ಮ ಇಬ್ಬರು ವೈದ್ಯರ ಭಿನ್ನಮತಕ್ಕೆ ಇದೇ ಹಿನ್ನೆಲೆಯಾಗಿರಬಹುದು.

ಆದ್ದರಿಂದ ಎಕ್ಸ್‌ರೇಯನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ನೇರವಾಗಿ ಕೇಳಿ. ಹಲ್ಲಿನ ಯಾವುದಾದರೂ ಭಾಗ ವಸಡಿನಿಂದ ಹೊರಬಂದಿದೆಯೇ? ಮುಂದಿನ ದವಡೆಹಲ್ಲಿಗಾಗಲಿ ಅದರ ಹಿಂಬದಿಯ ಮೂಳೆಗಾಗಲಿ ಈಗಾಗಲೇ ಹಾನಿಯಾಗಿದೆಯೇ? ತೆಗೆಸುವುದಾದರೆ ಅಪಾಯ ಎಷ್ಟೆಂದು ತಿಳಿಯಲು, ಬೇರು ದವಡೆಯ ಮೂಳೆಯೊಳಗಿನ ನರದ ನಾಳಕ್ಕೆ ಎಷ್ಟು ಹತ್ತಿರವಿದೆ? ಮೊದಲ ಎರಡರಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ತೆಗೆಸುವ ಕಡೆಗೆ ನನ್ನ ಒಲವು. ಎರಡಕ್ಕೂ ಇಲ್ಲ ಎಂದಾದರೆ, ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳುತ್ತ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಪರೀಕ್ಷೆಗೆ ಹೋಗದೆ ಸುಮ್ಮನಿರುವುದನ್ನು ಕಾಯುವುದು ಎನ್ನಲಾಗದು. ಇನ್ನು, ಬುದ್ಧಿಹಲ್ಲು ಹಿಂದಿನಿಂದ ತಳ್ಳಿ ಮುಂದಿನ ಹಲ್ಲುಗಳನ್ನು ಸೊಟ್ಟಗಾಗಿಸುತ್ತದೆ ಎಂಬ ಕಾರಣವೊಂದನ್ನೇ ನೀಡಿ ಯಾರಾದರೂ ಶಸ್ತ್ರಕ್ರಿಯೆ ಸೂಚಿಸಿದರೆ ಒಪ್ಪಬೇಡಿ. ಆ ನಂಬಿಕೆ ಹಳೆಯದು, ಅದಕ್ಕೆ ಗಟ್ಟಿ ಆಧಾರ ದೊರೆತಿಲ್ಲ. ಬುದ್ಧಿಹಲ್ಲು ಹುಟ್ಟದೇ ಇರುವವರ ಮುಂದಿನ ಹಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುತ್ತವೆ.

ಪ್ರಶ್ನೆ: ಅರ್ಧ ಹೊರಬಂದ ಬುದ್ಧಿಹಲ್ಲಿನ ಮೇಲಿನ ವಸಡು ಎರಡು ಮೂರು ತಿಂಗಳಿಗೊಮ್ಮೆ ಊದಿಕೊಂಡು ಬಾಯಿ ತೆರೆಯಲು ಕಷ್ಟವಾಗುತ್ತದೆ. ಪ್ರತಿ ಸಲ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದರೆ ಇಳಿಯುತ್ತದೆ. ಹೀಗೇ ಮುಂದುವರಿಸಬಹುದೇ?

ಉತ್ತರ: ಬೇಡ. ಅರ್ಧ ಹುಟ್ಟಿದ ಹಲ್ಲನ್ನು ಮುಚ್ಚಿರುವ ವಸಡಿನ ಪದರದ ಕೆಳಗೆ ಜೇಬಿನಂಥ ಜಾಗವಿರುತ್ತದೆ. ಸೋಂಕಿನ ಮೂಲ ಅದು. ಮಾತ್ರೆಯು ಸೋಂಕನ್ನು ತಗ್ಗಿಸೀತೇ ಹೊರತು ಆ ಜೇಬನ್ನು ಮುಚ್ಚಲಾರದು; ಹೀಗಾಗಿ ಊತ ಮರುಕಳಿಸುತ್ತದೆ. ಪದರದ ಕೆಳಗೆ ಔಷಧದ್ರವ ಹಾಯಿಸಿ ತೊಳೆಯುವುದು, ಎದುರಿನ ಮೇಲ್ಹಲ್ಲು ಊದಿದ ವಸಡನ್ನು ಕಚ್ಚುತ್ತಿದ್ದರೆ ಅದನ್ನು ಸರಿಪಡಿಸುವುದು ಮೊದಲ ಚಿಕಿತ್ಸೆ. ಜ್ವರವಿದ್ದಾಗ, ಊತ ಹರಡುತ್ತಿರುವಾಗ ಅಥವಾ ಬಾಯಿ ತೆರೆಯುವುದು ತೀರ ಕಡಿಮೆಯಾದಾಗ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಹಿಂದಿನ ಸಲ ಉಳಿದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನುಂಗುವುದು ಮಾತ್ರ ಸಲ್ಲದು. ಪದೇ ಪದೇ ಹೀಗಾಗುವುದು ಹಲ್ಲು ತೆಗೆಸಲು ಎಲ್ಲ ವೈದ್ಯರೂ ಒಪ್ಪುವ ಕಾರಣ, ಮತ್ತು ಸಾಮಾನ್ಯವಾಗಿ ಊತ ಇಳಿದ ಮೇಲೆ ಅದನ್ನು ತೆಗೆಯುತ್ತಾರೆ.

ಊತ ಗದ್ದದ ಕೆಳಗೆ ಅಥವಾ ಕತ್ತಿಗೆ ಇಳಿದರೆ, ಉಗುಳು ನುಂಗಲಾಗದಿದ್ದರೆ, ನಾಲಿಗೆ ಮೇಲಕ್ಕೆ ಎದ್ದಂತಾಗಿ ಉಸಿರಾಟ ಕಷ್ಟವಾದರೆ ದಂತವೈದ್ಯರ ಸಮಯಕ್ಕಾಗಿ ಕಾಯದೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಇದು ಪ್ರಾಣಾಪಾಯದ ಸ್ಥಿತಿ.

ಪ್ರಶ್ನೆ: ಮುಂದಿನ ವಾರ ಶಸ್ತ್ರಕ್ರಿಯೆ. ಸಹಿ ಹಾಕಲು ಕೊಟ್ಟ ಒಪ್ಪಿಗೆ ಪತ್ರದಲ್ಲಿ ‘ತುಟಿ ಮತ್ತು ನಾಲಿಗೆಯ ಸ್ಪರ್ಶ ನಷ್ಟವಾಗಬಹುದು’ ಎಂದಿದೆ. ಅದನ್ನು ಓದಿದಂದಿನಿಂದ ನಿದ್ದೆಯಿಲ್ಲ.

ಉತ್ತರ: ಆ ವಾಕ್ಯವನ್ನು ಎಲ್ಲ ಒಪ್ಪಿಗೆ ಪತ್ರಗಳಲ್ಲೂ ಅಚ್ಚು ಹಾಕಿರುತ್ತಾರೆ, ಅದರ ತೂಕ ಎಲ್ಲರಿಗೂ ಒಂದೇ ಅಲ್ಲವೆಂದು ವಿವರಿಸುವವರು ಕಡಿಮೆ. ಕೆಳದವಡೆಯ ಮೂಳೆಯೊಳಗಿನ ನಾಳದಲ್ಲಿ ಸಾಗುವ ನರವು ಕೆಳಹಲ್ಲುಗಳಿಗೂ ಕೆಳತುಟಿ ಮತ್ತು ಗದ್ದಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ನಾಲಿಗೆಗೆ ಹೋಗುವ ಇನ್ನೊಂದು ನರ ದವಡೆಯ ಒಳಬದಿಯಲ್ಲಿ, ಬುದ್ಧಿಹಲ್ಲಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಹಲ್ಲು ತೆಗೆಯುವಾಗ ಇವು ಜಗ್ಗಿದರೆ ಅಥವಾ ನಲುಗಿದರೆ ಆ ಭಾಗ ಜೋಮು ಹಿಡಿದಂತಾಗುತ್ತದೆ. ಹೆಚ್ಚಿನವರಲ್ಲಿ ಇದು ವಾರಗಳಲ್ಲಿ ಅಥವಾ ಕೆಲವು ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿ. ಇವು ಸ್ಪರ್ಶದ ನರಗಳಾದ್ದರಿಂದ ಹಾನಿಯಾದರೂ ಮುಖ ಸೊಟ್ಟಗಾಗುವುದಿಲ್ಲ, ತುಟಿಯ ಚಲನೆ ನಿಲ್ಲುವುದಿಲ್ಲ.

ನಿಮ್ಮ ಎಕ್ಸ್‌ರೇಯಲ್ಲಿ ಬೇರು ನಾಳದಿಂದ ದೂರವಿದ್ದರೆ ಅಪಾಯ ಇನ್ನೂ ಕಡಿಮೆ. ಎರಡೂ ಒಂದರ ಮೇಲೊಂದು ಬಿದ್ದಂತೆ ಕಂಡರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಬೇರು ನರಕ್ಕೆ ತಾಗಿಕೊಂಡೇ ಇದ್ದು ಹಲ್ಲಿನ ತಲೆ ಹುಳುಕಿಲ್ಲದೆ ಚೆನ್ನಾಗಿದ್ದರೆ, ತಲೆಯನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಮೂಳೆಯಲ್ಲೇ ಬಿಡುವ ಕ್ರಮವೂ ಉಂಟು. ಉಳಿಸಿದ ಬೇರು ಮುಂದೆ ಮೇಲೆದ್ದು ಬಂದು ಎರಡನೆಯ ಶಸ್ತ್ರಕ್ರಿಯೆ ಬೇಕಾಗಬಹುದು ಎಂಬುದು ಅದರ ಮಿತಿ.

ಶಸ್ತ್ರಕ್ರಿಯೆಯ ವೇಳೆ ಏನಾಗುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಭಯ ತಗ್ಗುತ್ತದೆ. ಅರಿವಳಿಕೆ ಚುಚ್ಚುಮದ್ದು ನೋವನ್ನು ಪೂರ್ತಿ ನಿಲ್ಲಿಸುತ್ತದೆ, ಆದರೆ ಒತ್ತಡವನ್ನೂ ಸದ್ದನ್ನೂ ನಿಲ್ಲಿಸುವುದಿಲ್ಲ. ವಸಡನ್ನು ಸೀಳಿ, ಸುತ್ತಲಿನ ಮೂಳೆಯನ್ನು ಬೇಕಾದಷ್ಟೇ ಕೊರೆದು, ಹಲ್ಲನ್ನು ಇಡಿಯಾಗಿ ಎಳೆಯದೆ ತುಂಡು ಮಾಡಿ ಹೊರತೆಗೆಯುತ್ತಾರೆ. ಹಲ್ಲು ಮುರಿದ ಸದ್ದು ಕೇಳಿದಾಗ ಏನೋ ಎಡವಟ್ಟಾಯಿತೆಂದು ಗಾಬರಿಯಾಗಬೇಡಿ; ಮೂಳೆ ಕಡಿಮೆ ಕೊರೆಯಲೆಂದೇ ಹಾಗೆ ಮಾಡುವುದು. ನಿಜವಾಗಿ ನೋವೆನಿಸಿದರೆ ಕೈ ಎತ್ತಿ ತಿಳಿಸಿ, ಮತ್ತಷ್ಟು ಮದ್ದು ಕೊಡುತ್ತಾರೆ.

ಪ್ರಶ್ನೆ: ನನ್ನ ತಮ್ಮನಿಗೆ ಹಲ್ಲು ತೆಗೆದ ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಕಿವಿಯವರೆಗೂ ಸೆಳೆಯುವ ನೋವು ಶುರುವಾಯಿತು. ಹೀಗೇಕೆ?

ಉತ್ತರ: ಹಲ್ಲು ಕಿತ್ತ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಒಳಗಿನ ಮೂಳೆಗೆ ಹೊದಿಕೆಯಂತಿರುತ್ತದೆ. ಅದು ಕರಗಿಹೋದರೆ ಅಥವಾ ಕಿತ್ತುಬಂದರೆ ಮೂಳೆ ಬತ್ತಲಾಗಿ ನೀವು ಹೇಳಿದ ನೋವು ಹುಟ್ಟುತ್ತದೆ; ದಂತವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ದಿನ ಕಳೆದಂತೆ ಇಳಿಯಬೇಕಾದ ನೋವು ಮೂರನೆಯ ದಿನದ ಸುಮಾರಿಗೆ ಏರತೊಡಗುವುದೂ ಬಾಯಿ ಕೆಟ್ಟ ವಾಸನೆ ಬರುವುದೂ ಇದರ ಗುರುತು. ಕೆಳದವಡೆಯಲ್ಲಿ, ಧೂಮಪಾನ ಮಾಡುವವರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಇದು ಹೆಚ್ಚು. ಕುಳಿಯನ್ನು ತೊಳೆದು ಔಷಧದ ಪಟ್ಟಿ ತುಂಬಿದರೆ ನೋವು ಬೇಗ ತಗ್ಗುತ್ತದೆ. ಆದ್ದರಿಂದ ಮನೆಯಲ್ಲೇ ಸಹಿಸಿಕೊಂಡು ಕೂರದೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.

ಇನ್ನು ಮುಂದೆ ಹಲ್ಲು ತೆಗೆಸುವವರು ಮೊದಲ ಅರ್ಧ ಗಂಟೆಗೂ ಹೆಚ್ಚು ಕಾಲ ಬಟ್ಟೆಯ ಉಂಡೆಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಮತ್ತೆ ಮತ್ತೆ ತೆಗೆದು ನೋಡಬಾರದು. ಮೊದಲ ದಿನ ಬಾಯಿ ಮುಕ್ಕಳಿಸುವುದು, ಜೋರಾಗಿ ಉಗುಳುವುದು, ಸ್ಟ್ರಾದಿಂದ ಹೀರುವುದು ಬೇಡ. ಉಗುರುಬೆಚ್ಚಗಿನ ಉಪ್ಪುನೀರನ್ನು ಮರುದಿನದಿಂದ ನಿಧಾನವಾಗಿ ಬಳಸಬಹುದು. ಕನಿಷ್ಠ ಮೂರು ದಿನ ಸಿಗರೇಟು, ಬೀಡಿ ಮುಟ್ಟಬಾರದು. ಕೆನ್ನೆಯ ಊತ ಎರಡನೆಯ, ಮೂರನೆಯ ದಿನ ಅತಿ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಅದು ಸಹಜ.

ಪ್ರಶ್ನೆ: ಮೇಲಿನ ಬುದ್ಧಿಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಮಂದವಾಗುತ್ತದೆಯೇ?

ಉತ್ತರ: ಇಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ದೃಷ್ಟಿಯದು ಎರಡನೆಯ ಜೋಡಿ, ಹಲ್ಲಿನದು ಐದನೆಯ ಜೋಡಿ. ಮೇಲ್ದವಡೆಯಲ್ಲಿ ಗಮನಿಸಬೇಕಾದದ್ದು ಬೇರಿನ ಮೇಲ್ಗಡೆ ಇರುವ, ಮೂಗಿಗೆ ಸೇರಿದ ಗಾಳಿಕುಳಿಯನ್ನು. ಹಲ್ಲು ತೆಗೆದಾಗ ಅದಕ್ಕೆ ತೂತು ಬಿದ್ದಿದೆಯೆಂದು ವೈದ್ಯರು ಹೇಳಿದರೆ ಅವರು ತಿಳಿಸಿದಷ್ಟು ದಿನ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ.

ಪ್ರಶ್ನೆ: ನಮ್ಮ ತಂದೆಯವರು ಹೃದಯದ ತೊಂದರೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಬುದ್ಧಿಹಲ್ಲು ಹುಳುಕಾಗಿದೆ. ಮಾತ್ರೆಯನ್ನು ಒಂದು ವಾರ ನಿಲ್ಲಿಸಿ ಕೀಳಿಸಬಹುದೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ವಸಡಿನ ರಕ್ತಸ್ರಾವವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ತಡೆಯಬಹುದು. ಮಾತ್ರೆ ನಿಲ್ಲಿಸಿದ್ದರಿಂದ ಹೃದಯದಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟಿದರೆ ಅದನ್ನು ಹಾಗೆ ತಡೆಯಲಾಗದು. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ನಿಲ್ಲಿಸದೆಯೇ ಹಲ್ಲು ತೆಗೆಯುತ್ತಾರೆ. ವಾರ್ಫರಿನ್ ಆಗಿದ್ದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಮುಂಚಿತವಾಗಿ ಮಾಡಿಸಬೇಕು. ಹೊಸ ಬಗೆಯ ಮಾತ್ರೆಗಳಲ್ಲಿ ಅಂದಿನ ಬೆಳಗಿನ ಗುಳಿಗೆಯನ್ನು ತಡವಾಗಿ ಕೊಡಬೇಕೇ ಎಂಬುದನ್ನು ಅವರ ಹೃದಯತಜ್ಞರೂ ದಂತವೈದ್ಯರೂ ಮಾತಾಡಿಕೊಂಡು ನಿರ್ಧರಿಸುತ್ತಾರೆ.

ಹೋಗುವಾಗ ತಂದೆಯವರ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೊಯ್ಯಿರಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೋನೇಟ್, ಜೊಲೆಡ್ರೋನಿಕ್ ಆಮ್ಲದಂಥ ಔಷಧಗಳನ್ನು ಹಲ್ಲಿಗೂ ಇದಕ್ಕೂ ಏನು ಸಂಬಂಧವೆಂದು ಹಲವರು ಹೇಳದೆ ಬಿಡುತ್ತಾರೆ. ಅವುಗಳನ್ನು ಪಡೆದವರಲ್ಲಿ ಹಲ್ಲು ತೆಗೆದ ಜಾಗದ ಮೂಳೆ ಮಾಯದೆ ಸಾಯುವ ಅಪಾಯವಿರುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಇತ್ತೀಚಿನ ರಕ್ತಪರೀಕ್ಷೆಯ ವರದಿಯೂ ಜೊತೆಗಿರಲಿ. ನೋವಿಗೆ ಮನೆಯಲ್ಲಿರುವ ಐಬುಪ್ರೊಫೇನ್ ಕೊಡಬೇಡಿ, ರಕ್ತ ತೆಳುವಾಗಿಸುವ ಮಾತ್ರೆಯೊಂದಿಗೆ ಅದು ಸೇರಿದರೆ ರಕ್ತಸ್ರಾವ ಹೆಚ್ಚುತ್ತದೆ. ಯಕೃತ್ತಿನ ತೊಂದರೆ ಇಲ್ಲದಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಶಸ್ತ್ರಕ್ರಿಯೆಯನ್ನು ಬೆಳಗಿನ ಹೊತ್ತಿಗೇ, ವಾರದ ಆರಂಭದ ದಿನವೊಂದರಲ್ಲಿ ಇಟ್ಟುಕೊಳ್ಳುವಂತೆ ಕೇಳಿಕೊಳ್ಳಿ. ಸಂಜೆ ಅಥವಾ ಮರುದಿನ ರಕ್ತ ಒಸರತೊಡಗಿದರೂ ವೈದ್ಯರು ಕೈಗೆ ಸಿಗುತ್ತಾರೆ.