ಧ್ಯಾನ ಮಾಡಿ ಎದ್ದರೂ ಅತ್ತೆಯ ಮೇಲೆ ರೇಗುತ್ತೇನೆ

ಪ್ರಶ್ನೆ: ನನಗೆ 46 ವರ್ಷ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಮಾತ್ರೆ ಕೊಟ್ಟರೆ ಉಗಿದುಬಿಡುತ್ತಾರೆ. ನೋವಿದೆಯಾ ಅಂದರೆ ಇಲ್ಲ ಅಂತಾರೆ, ರಾತ್ರಿಯೆಲ್ಲ ನರಳುತ್ತಾರೆ. ನಾನು ಬೌದ್ಧ ಧ್ಯಾನ ಕಲಿತಿದ್ದೇನೆ. ಬೆಳಿಗ್ಗೆ ಕೂತು ಎಲ್ಲರಿಗೂ ಒಳ್ಳೇದಾಗಲಿ ಅಂದುಕೊಂಡು ಎದ್ದರೆ, ಹತ್ತೇ ನಿಮಿಷಕ್ಕೆ ಅತ್ತೆಯ ಮೇಲೆ ಕೂಗಾಡುತ್ತೇನೆ. “ಇದೇನಾ ನಿನ್ನ ಕರುಣೆ?” ಅಂತಾರೆ ನಮ್ಮ ಯಜಮಾನರು. ಧ್ಯಾನ ಬಿಟ್ಟುಬಿಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ಬಿಡಬೇಡಿ. ಇನ್ನೂ ಜಾಸ್ತಿ ಹೊತ್ತು ಕೂರಿ ಅಂತಲೂ ಹೇಳುವುದಿಲ್ಲ. ಅತ್ತೆಯ ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು, ರಾತ್ರಿ ಎದ್ದು ನೋಡುವುದು, ಇದರಲ್ಲಿ ಒಂದನ್ನಾದರೂ ಬೇರೆಯವರು ಮಾಡುತ್ತಾರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಬೌದ್ಧ ಭಿಕ್ಷುಗಳ ನಡವಳಿಕೆಯ ನಿಯಮಗಳಿರುವ ಗ್ರಂಥ ವಿನಯ ಪಿಟಕದಲ್ಲಿ ಒಂದು ಪ್ರಸಂಗ ಬರುತ್ತದೆ. ಭೇದಿಯಿಂದ ನರಳುತ್ತಿದ್ದ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಯಾರೂ ಹತ್ತಿರ ಬಂದಿರಲಿಲ್ಲ. ಬುದ್ಧ ತನ್ನ ಶಿಷ್ಯ ಆನಂದನಿಂದ ನೀರು ತರಿಸಿದ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ. ತಲೆಯ ಕಡೆ ಒಬ್ಬ, ಕಾಲಿನ ಕಡೆ ಒಬ್ಬ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ನೋಡಿ, ಅಲ್ಲೂ ಇಬ್ಬರು ಬೇಕಾದರು! ಆಮೇಲೆ ಬುದ್ಧ ಸಂಘವನ್ನು, ಅಂದರೆ ಭಿಕ್ಷುಗಳನ್ನೆಲ್ಲ, ಸೇರಿಸಿ, ಕಾಯಿಲೆ ಬಿದ್ದವರನ್ನು ಯಾರು ನೋಡಿಕೊಳ್ಳಬೇಕು ಅಂತ ನಿಯಮವನ್ನೇ ಮಾಡಿದ. ಗುರು ಇದ್ದರೆ ಗುರು, ಶಿಷ್ಯ ಇದ್ದರೆ ಶಿಷ್ಯ, ಯಾರೂ ಇಲ್ಲದಿದ್ದರೆ ಇಡೀ ಸಂಘ. ಯಾರೋ ಒಬ್ಬರ ಒಳ್ಳೆಯತನದ ಮೇಲೆ ಬಿಟ್ಟು ಸುಮ್ಮನಾಗಲಿಲ್ಲ. ಅಷ್ಟೇ ಅಲ್ಲ, ಔಷಧಿ ತೆಗೆದುಕೊಳ್ಳದ, ಇರುವ ನೋವನ್ನು ಇದ್ದಂತೆ ಹೇಳದ ರೋಗಿಯ ಆರೈಕೆ ಕಷ್ಟ ಅಂತ ಅಲ್ಲೇ ಹೇಳಿದ್ದಾನೆ. ನಿಮ್ಮ ಕಷ್ಟ ಬುದ್ಧನಿಗೂ ಗೊತ್ತಿತ್ತು.

ಯುದ್ಧದ ಕಾಲದ ವಿಯೆಟ್ನಾಮಿನಲ್ಲಿ ಭಿಕ್ಷು ತಿಕ್ ನ್ಯಾಟ್ ಹಾನ್ ಯುವಜನರನ್ನು ಕಟ್ಟಿಕೊಂಡು ಹಳ್ಳಿಗಳ ಸೇವೆಗೆ ಇಳಿದರು. ಧ್ಯಾನವನ್ನೂ ಸೇವೆಯನ್ನೂ ಬೇರೆ ಮಾಡಬಾರದು ಅನ್ನುವುದು ಅವರ ನಿಲುವು. ಅಷ್ಟು ಕೆಲಸವಿದ್ದ ಆ ಕಾರ್ಯಕರ್ತರಿಗೂ ವಾರಕ್ಕೊಂದು ದಿನ ನಿಧಾನವಾಗಿ, ಎಚ್ಚರದಿಂದ ಕಳೆಯಲು ಹೇಳಿದರು. ನೀವು ವಾರಕ್ಕೆ ಅರ್ಧ ದಿನ ಕೇಳಿದರೆ ತಪ್ಪೇನೂ ಇಲ್ಲ. ಕೇಳಿ.

ಇನ್ನು ಮಾತ್ರೆಯ ವಿಷಯ. ಲಕ್ವ ಹೊಡೆದವರಲ್ಲಿ ಎಷ್ಟೋ ಜನಕ್ಕೆ ನುಂಗುವುದೇ ಕಷ್ಟವಾಗುತ್ತದೆ. ಮಾತಿನ ಶಕ್ತಿಗೆ ಪೆಟ್ಟು ಬಿದ್ದಿದ್ದರೆ ‘ಹೌದು’ ಅನ್ನುವ ಕಡೆ ‘ಇಲ್ಲ’ ಬರಬಹುದು. ಅತ್ತೆಯದು ಹಟ ಅಂತ ನಿಮಗನ್ನಿಸಿದ್ದು ಹಟವೇ ಅಲ್ಲದಿರಬಹುದು. ಈ ವಾರವೇ ಡಾಕ್ಟರಿಗೆ ಹೇಳಿ. ಕೇಳದೆ ಮಾತ್ರೆ ಪುಡಿ ಮಾಡಿ ಕೊಡಬೇಡಿ. ನೀರು ಕುಡಿಯುವಾಗ ಕೆಮ್ಮು ಬರುತ್ತದಾ, ಯಾವ ಮಗ್ಗುಲಿಗೆ ಹೊರಳಿಸಿದರೆ ಮುಖ ಕಿವುಚುತ್ತಾರೆ, ಗಮನಿಸಿ ಬರೆದಿಟ್ಟುಕೊಂಡು ಹೋಗಿ. ಬೆಳಿಗ್ಗೆ ಕೂತು ಕಲಿತ ಗಮನ ಇಲ್ಲಿ ಬೇಕು.

ಆದರೂ ಸಿಟ್ಟು ಬರುತ್ತದೆ. ಬಂದಾಗ ಲೋಟ ಕೆಳಗಿಟ್ಟು ಬಾಗಿಲ ಹೊರಗೆ ಬನ್ನಿ, ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಹೋಗಿ. ಕೂಗಾಡಿಬಿಟ್ಟಿದ್ದರೆ “ತಪ್ಪಾಯ್ತು ಅತ್ತೆ” ಅಂತ ಕೈ ಹಿಡಿದು ಹೇಳಿ. ಅವರಿಗೆ ಅರ್ಥವಾಗಬಹುದು.

ಯಜಮಾನರಿಗೆ ಈ ಉತ್ತರ ಓದಲು ಕೊಡಿ. ಕರುಣೆ ಎಲ್ಲಿ ಅಂತ ಕೇಳುವವರು ವಾರದಲ್ಲಿ ಮೂರು ರಾತ್ರಿ ತಾಯಿಯ ಕೋಣೆಯಲ್ಲಿ ಮಲಗಲಿ. ಮೈದುನ, ನಾದಿನಿಯರಿದ್ದರೆ ಅವರಿಗೂ ಫೋನ್ ಮಾಡಿ ಪಾಳಿ ಕೇಳಲಿ. ಆ ಫೋನ್ ಅವರೇ ಮಾಡಬೇಕು, ನೀವಲ್ಲ.