‘ಬಿಜಾಪುರ’ ಎಂದು ಹುಡುಕಿದವರೆಲ್ಲ ನಮ್ಮೂರನ್ನೇ ಹುಡುಕಿದರಾ?

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಗೋಳಗುಮ್ಮಟದ ಬಗ್ಗೆ ಜನರ ಆಸಕ್ತಿ ಹೆಚ್ಚಾಗಿದೆಯಾ ಎಂಬುದು ನನ್ನ ಪ್ರಾಜೆಕ್ಟ್. ಜನ ಗೂಗಲ್‌ನಲ್ಲಿ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕಿದರು ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಇಂಗ್ಲಿಷಿನಲ್ಲಿ ‘ಬಿಜಾಪುರ’ ಅಂತ ಹಾಕಿ, 2010ರಿಂದ ನೋಡಿದೆ. ಒಂದು ತಿಂಗಳು 100 ಇದೆ, ಮರುತಿಂಗಳೇ 40. ನೂರು ಜನ ಹುಡುಕಿದರು ಅಂತ ಬರೆಯಬಹುದಾ?

ಉತ್ತರ: ಬೇಡ ತಂಗಿ, ಹಾಗೆ ಬರೆಯಬೇಡಿ. ಆ 100 ಎಂಬುದು ಜನರ ಲೆಕ್ಕವಲ್ಲ. ನೀವು ಆರಿಸಿದ ಅವಧಿಯಲ್ಲಿ, ಒಟ್ಟು ಹುಡುಕಾಟದಲ್ಲಿ ಈ ಪದದ ಪಾಲು ಅತಿ ಹೆಚ್ಚಿದ್ದ ತಿಂಗಳಿಗೆ ಗೂಗಲ್ 100 ಕೊಡುತ್ತದೆ. ಉಳಿದ ತಿಂಗಳುಗಳನ್ನು ಅದಕ್ಕೆ ಹೋಲಿಸಿ ಅಳೆಯುತ್ತದೆ. ಹುಡುಕಿದವರು ಜಾಸ್ತಿಯಾಗಿದ್ದರೂ ಗ್ರಾಫಿನ ಗೆರೆ ಕೆಳಗಿಳಿಯಬಹುದು. ಬೇರೆ ಹುಡುಕಾಟಗಳು ಅದಕ್ಕಿಂತ ಬೇಗ ಬೆಳೆದಿದ್ದರೆ ಸಾಕು.

ನನಗೆ ಅದಕ್ಕಿಂತ ಚಿಂತೆ ಆಗಿದ್ದು ನೀವು ಹಾಕಿದ ಪದ ನೋಡಿ. ಛತ್ತೀಸಗಢದಲ್ಲೂ ಒಂದು ಬಿಜಾಪುರ ಇದೆ, 2007ರಲ್ಲಿ ಜಿಲ್ಲೆಯಾಯಿತು. ಅಲ್ಲಿ ನಕ್ಸಲರ ಜೊತೆ ಗುಂಡಿನ ಚಕಮಕಿ ನಡೆದಾಗ ದೇಶವೆಲ್ಲ ಆ ಹೆಸರನ್ನು ಹುಡುಕುತ್ತದೆ, ನಿಮ್ಮ ಗೆರೆ ಮೇಲೇರುತ್ತದೆ. ಗೋಳಗುಮ್ಮಟಕ್ಕೂ ಅದಕ್ಕೂ ಏನು ಸಂಬಂಧ? ಸರಿ, ‘ವಿಜಯಪುರ’ ಅಂತ ಹಾಕೋಣ ಅಂದರೆ ಆ ಹೆಸರು ಅಧಿಕೃತವಾಗಿದ್ದೇ 2014ರ ನವೆಂಬರ್ 1ಕ್ಕೆ. ಮೇಲಾಗಿ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ! ಸೊಲ್ಲಾಪುರದ ಕಡೆ ಮರಾಠಿಯಲ್ಲಿ ‘ವಿಜಾಪೂರ’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಈಗಲೂ ಬಾಯಿಗೆ ಬರುವುದು ಬಿಜಾಪುರವೇ, ಅಲ್ವಾ?

ಅದಕ್ಕೆ ಊರಿನ ಹೆಸರು ಬಿಡಿ, ಗೋಳಗುಮ್ಮಟವನ್ನೇ ಹಾಕಿ. ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಲ್ಲಿ ‘ಸರ್ಚ್ ಟರ್ಮ್’ ಒತ್ತದೆ ‘ಟಾಪಿಕ್’ ಆರಿಸಿ. ಆಗ ಗುಂಬಜ್, ಗುಂಬದ್, ಗುಮ್ಮಟ ಎಂದು ಬೇರೆ ಬೇರೆ ಥರ ಬರೆದವರೂ ಒಂದೇ ಲೆಕ್ಕಕ್ಕೆ ಬರುತ್ತಾರೆ. ಗೂಗಲ್ ಎಲ್ಲವನ್ನೂ ಎಣಿಸದೆ ಒಂದಿಷ್ಟನ್ನು ಮಾತ್ರ ಆರಿಸಿ ಲೆಕ್ಕ ಹಾಕುವುದರಿಂದ ಇವತ್ತಿನ ಅಂಕಿ ನಾಳೆ ಸ್ವಲ್ಪ ಬೇರೆ ಬರಬಹುದು. ನಾಲ್ಕೈದು ದಿನ ತೆಗೆದು ಸರಾಸರಿ ಮಾಡಿ.

ಇಷ್ಟಾದರೂ ಸಿಂದಗಿ, ಇಂಡಿಯಿಂದ ಬಸ್ ಹತ್ತಿ ಸೀದಾ ಬರುವವರು ಇದರಲ್ಲಿ ಸಿಗುವುದಿಲ್ಲ. ಅವರು ಮೊಬೈಲಿನಲ್ಲಿ ಯಾಕೆ ಹುಡುಕಬೇಕು? ಅವರ ಲೆಕ್ಕ ಇರುವುದು ಟಿಕೆಟ್ ಕೌಂಟರಿನಲ್ಲಿ. ಕಾಲೇಜಿನಿಂದ ಪತ್ರ ತೆಗೆದುಕೊಂಡು ಹೋಗಿ, ಪುರಾತತ್ವ ಇಲಾಖೆಯಲ್ಲಿ ತಿಂಗಳವಾರು ಟಿಕೆಟ್ ಸಂಖ್ಯೆ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 15 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುವ ಡಿಸೆಂಬರ್ ಲೆಕ್ಕ ಬರೆಯುವಾಗ ಅದನ್ನೂ ಕೆಳಗೆ ಒಂದು ಸಾಲು ಬರೆದಿಡಿ.