ಫಿಲ್ಮ್ ಜಾಗದಲ್ಲಿ ಪ್ರಿಂಟ್ ಕಾಗದ: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: 120 ಫಿಲ್ಮಿನ ಹಳೆಯ ಕ್ಯಾಮೆರಾ ಇದೆ. 6x6 ಚೌಕದ ಚಿತ್ರ ಬರುತ್ತದೆ. ಪ್ರಿಂಟ್ ಹಾಕಲು ತಂದ ಕಪ್ಪು-ಬಿಳುಪು ಕಾಗದ ಅರ್ಧ ಪೆಟ್ಟಿಗೆ ಉಳಿದಿದೆ. ಅದನ್ನೇ ಫಿಲ್ಮ್ ಬದಲು ಹಾಕಬಹುದಾ? ರೋಲ್ ಥರ ಸುತ್ತಬೇಕಾ?

ಉತ್ತರ: ಖಂಡಿತ ಹಾಕಬಹುದು. ನೆಗೆಟಿವ್, ಅಂದರೆ ಕಪ್ಪು-ಬಿಳುಪು ತಿರುವುಮುರುವಾದ ಚಿತ್ರ, ಹುಟ್ಟಿದ್ದೇ ಕಾಗದದ ಮೇಲೆ. 1835ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಮನೆಯ ಕಿಟಕಿಯನ್ನು ಸೆರೆಹಿಡಿದದ್ದು ಅಂಚೆಚೀಟಿಯಷ್ಟು ಚಿಕ್ಕ ಕಾಗದದಲ್ಲಿ. ಆ ನೆಗೆಟಿವ್ ಇವತ್ತಿಗೂ ಉಳಿದಿದೆ.

ರೋಲ್ ಮಾತ್ರ ಬೇಡ. ಕಾಗದ ಫಿಲ್ಮಿಗಿಂತ ದಪ್ಪ, ಬಿರುಸು. ಸುರುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ತುಂಡು ಹಾಕಿ. ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದವಾದರೆ ಒಳ್ಳೆಯದು, ಒಣಗಿದ ಮೇಲೂ ಚಪ್ಪಟೆಯಾಗಿರುತ್ತದೆ. ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. 120 ಫಿಲ್ಮು ಮತ್ತು ಅದರ ಹಿಂದಿನ ಕಪ್ಪು ಕಾಗದ ಎರಡೂ ಸೇರಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಹಾಗಾಗಿ ಫಿಲ್ಮನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಕೆಳಗೆ ಕೂರುತ್ತದೆ.

ಕತ್ತರಿಸುವುದರಲ್ಲಿ ಅವಸರ ಮಾಡಬೇಡಿ. ಮೊದಲ ಸಲ ನಾನು ಕಣ್ಣಂದಾಜಿನಲ್ಲಿ ಕತ್ತರಿಸಿದ್ದೆ. ಆಮೇಲೆ ಅಳೆದರೆ 63 ಮಿ.ಮೀ. ಅಗಲ ಇತ್ತು. ಒಂದು ಅಂಚು ಪಕ್ಕದ ಗೋಡೆಗೆ ತಗುಲಿ ಕಾಗದ ನಡುವೆ ಉಬ್ಬಿತ್ತು. ಚಿತ್ರದ ಎಡಭಾಗ ಚೂಪಾಗಿ, ಉಳಿದದ್ದೆಲ್ಲ ಮಸುಕಾಗಿ ಬಂತು. ಲೆನ್ಸ್ ಕೆಟ್ಟಿದೆ ಅಂದುಕೊಂಡು ಕ್ಯಾಮೆರಾವನ್ನೇ ಎತ್ತಿಟ್ಟೆ. ಎಷ್ಟೋ ದಿನದ ಮೇಲೆ ಆ ತುಂಡನ್ನು ಬೆಳಕಿನಲ್ಲೇ ಗೇಟಿನ (ಕ್ಯಾಮೆರಾದೊಳಗೆ ಫಿಲ್ಮ್ ಕೂರುವ ಚೌಕಟ್ಟು) ಮೇಲೆ ಇಟ್ಟು ನೋಡಿದಾಗ ಗೊತ್ತಾಯಿತು. ಈಗ ರಟ್ಟಿನಲ್ಲಿ 61 ಮಿ.ಮೀ. ಅಗಲದ ಅಚ್ಚು ಮಾಡಿಟ್ಟುಕೊಂಡಿದ್ದೇನೆ. ಉದ್ದ 70 ಇದ್ದರೆ ಸಾಕು.

ಮೊದಲು ಶಟರನ್ನು ಚಿತ್ರ ತೆಗೆಯಲು ಸಿದ್ಧವಾಗುವಂತೆ ಎಳೆದಿಡಿ, ಆಮೇಲೆ ಕೆಂಪು ದೀಪದಲ್ಲಿ ಕಾಗದ ಇಡಿ. ಹೊಳೆಯುವ ಮುಖ ಲೆನ್ಸಿನ ಕಡೆಗೆ. ಯಾವ ಕಡೆ ಅಂತ ಅನುಮಾನ ಬಂದರೆ ಒಂದು ಮೂಲೆಯನ್ನು ತೇವದ ತುಟಿಗೆ ತಾಗಿಸಿ, ಅಂಟುವ ಕಡೆಯೇ ಸರಿ. ಫಿಲ್ಮಿನ ಅಂಕಿ ನೋಡಲು ಇರುವ ಹಿಂಬದಿಯ ಕೆಂಪು ಕಿಂಡಿಗೆ ಕಪ್ಪು ಟೇಪ್ ಹಚ್ಚಿ. ಹಳೆಯ ಕಿಂಡಿಗಳ ಬಣ್ಣ ಮಾಸಿ ಬೆಳಕು ಒಳಗೆ ಬರಬಹುದು.

ಪ್ರಶ್ನೆ: ಐಎಸ್‌ಒ ಎಷ್ಟು ಇಟ್ಟುಕೊಳ್ಳಲಿ? ಹೊರಗೆ ತೆಗೆದದ್ದು ಚೆನ್ನಾಗಿ ಬರುತ್ತದೆ. ಮನೆಯೊಳಗೆ ಬಲ್ಬಿನ ಬೆಳಕಲ್ಲಿ ಬೆಳಕಿನ ಮೀಟರ್ ಹೇಳಿದಷ್ಟೇ ಕೊಟ್ಟರೂ ಏನೂ ಬರುವುದಿಲ್ಲ.

ಉತ್ತರ: ಐಎಸ್‌ಒ ಅಂದರೆ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವ ಅಂಕಿ. 6ರಿಂದ ಶುರು ಮಾಡಿ. ಕಾಗದದಿಂದ ಕಾಗದಕ್ಕೆ 3ರಿಂದ 12ರವರೆಗೆ ವ್ಯತ್ಯಾಸ ಇರುತ್ತದೆ. ಚೆನ್ನಾಗಿ ಬಿಸಿಲಿದ್ದರೆ ಲೆನ್ಸಿನ ತೆರಪು ಎಫ್ 8, ಶಟರ್ ಸೆಕೆಂಡಿನ 1/30. ಅದೇ ದೃಶ್ಯವನ್ನು 1/15, 1/60ರಲ್ಲೂ ತೆಗೆದು ಮೂರನ್ನೂ ಒಟ್ಟಿಗೆ ಡೆವಲಪ್ ಮಾಡಿ. ಒಂದು ಮಧ್ಯಾಹ್ನದಲ್ಲಿ ನಿಮ್ಮ ಕಾಗದದ ಸ್ವಭಾವ ತಿಳಿಯುತ್ತದೆ.

ಬಲ್ಬಿನ ವಿಷಯ ಹೇಳುತ್ತೇನೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಈ ಕಾಗದ ನಮ್ಮ ಹಾಗೆ ನೋಡುವುದಿಲ್ಲ. ಅದಕ್ಕೆ ಕಾಣುವುದು ನೀಲಿ, ಸ್ವಲ್ಪ ಹಸಿರು. ಕೆಂಪು ಕಾಣುವುದೇ ಇಲ್ಲ, ಅದಕ್ಕೇ ಅಲ್ವಾ ಕೆಂಪು ದೀಪದಲ್ಲಿ ನಾವು ಧೈರ್ಯವಾಗಿ ಕೆಲಸ ಮಾಡುವುದು? ಹಳದಿ ಬಲ್ಬಿನ ಬೆಳಕಲ್ಲಿ ನೀಲಿ ಬಹಳ ಕಮ್ಮಿ. ಮೀಟರ್ ಬೆಳಕನ್ನೆಲ್ಲ ಎಣಿಸುತ್ತದೆ, ಕಾಗದಕ್ಕೆ ಅದರಲ್ಲಿ ಚೂರೇ ಸಿಗುತ್ತದೆ. ಮೀಟರ್ ಹೇಳಿದ್ದರ ನಾಲ್ಕು ಪಟ್ಟಿನಿಂದ ಶುರು ಮಾಡಿ ನೋಡಿ. ಸಂಜೆಯ ಕೆಂಪು ಬಿಸಿಲಿಗೂ ಇದೇ ಮಾತು.

ಒಂದು ಸಲ ಕೆಂಪು ದಾಸವಾಳ ತೆಗೆದೆ. ಪ್ರಿಂಟಿನಲ್ಲಿ ಹೂವು ಎಲೆಗಿಂತ ಕಪ್ಪಾಗಿತ್ತು. ನಡುವಿನ ಹಳದಿ ಪರಾಗದ ಚುಕ್ಕೆಗಳೂ ಕಪ್ಪಿನಲ್ಲೇ ಮುಳುಗಿದ್ದವು. ಹಿಂದಿನ ಆಕಾಶ ಮಾತ್ರ ಹಾಲಿನ ಹಾಗೆ ಬೆಳ್ಳಗೆ. ಜನರ ಮುಖ ತೆಗೆದರೆ ತುಟಿ ಗಾಢವಾಗುತ್ತದೆ, ಚರ್ಮದ ಪ್ರತಿ ಕಲೆಯೂ ಎದ್ದು ಕಾಣುತ್ತದೆ. ವಯಸ್ಸಾದವರ ಮುಖಕ್ಕೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಈಗ ಅಂಥ ಚಿತ್ರಕ್ಕೆ ನಾನು ಫಿಲ್ಮ್ ಹಾಕುವುದೇ ಇಲ್ಲ.

ಪ್ರಶ್ನೆ: ಚಿತ್ರದಲ್ಲಿ ಬರೀ ಕಪ್ಪು, ಬರೀ ಬಿಳುಪು. ನಡುವಿನ ಬೂದು ಬಣ್ಣಗಳೇ ಇಲ್ಲ.

ಉತ್ತರ: ಪ್ರಿಂಟ್ ಕಾಗದದ ಗುಣವೇ ಅದು, ಕಾಂಟ್ರಾಸ್ಟ್ ಜಾಸ್ತಿ. ಮೋಡ ಕವಿದ ದಿನ ಅಥವಾ ನೆರಳಿನಲ್ಲಿ ತೆಗೆದರೆ ಅರ್ಧ ಸಮಸ್ಯೆ ಹೋಗುತ್ತದೆ. ನಿಮ್ಮದು ವೇರಿಯಬಲ್ ಕಾಂಟ್ರಾಸ್ಟ್ ಕಾಗದವಾದರೆ ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ. ಆ ಕಾಗದದಲ್ಲಿ ಕಾಂಟ್ರಾಸ್ಟ್ ಏರಿಸುವುದು ನೀಲಿ ಬೆಳಕು, ಫಿಲ್ಟರ್ ಅದನ್ನೇ ತಡೆಯುತ್ತದೆ. ಎಕ್ಸ್‌ಪೋಷರ್ ಎರಡರಿಂದ ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ, ಟ್ರೈಪಾಡ್ ಇರಲಿ. ಡೆವಲಪರಿಗೆ ಮಾಮೂಲಿಗಿಂತ ಎರಡರಷ್ಟು ನೀರು ಬೆರೆಸಿದರೂ ಸ್ವಲ್ಪ ಮೆತ್ತಗಾಗುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಪ್ರಿಫ್ಲಾಷ್ ಮೇಲೆ. ಕ್ಯಾಮೆರಾಕ್ಕೆ ಹಾಕುವ ಮುಂಚೆ ಕಾಗದಕ್ಕೆ, ಪ್ರಿಂಟ್ ದೊಡ್ಡದು ಮಾಡುವ ಯಂತ್ರವಾದ ಎನ್‌ಲಾರ್ಜರಿನಿಂದ ಚೂರು ಬೆಳಕು ತೋರಿಸುವುದು. ನೆಗೆಟಿವ್ ಇಲ್ಲದೆ, ಲೆನ್ಸ್ ಪೂರ್ತಿ ಕಿರಿದು ಮಾಡಿ, ಒಂದು ಪಟ್ಟಿಯ ಮೇಲೆ 1, 2, 3, 4 ಸೆಕೆಂಡ್ ಹೀಗೆ ಕೊಟ್ಟು ಡೆವಲಪ್ ಮಾಡಿ. ಕಾಗದ ಇನ್ನೂ ಪೂರ್ತಿ ಬಿಳಿಯಾಗೇ ಉಳಿದ ಕೊನೆಯ ಸಮಯ ಯಾವುದೋ ಅದೇ ನಿಮ್ಮ ಅಳತೆ. ಬಣ್ಣ ಬರುವ ಹೊಸ್ತಿಲಿಗೆ ತಂದು ನಿಲ್ಲಿಸಿದ ಹಾಗೆ. ಆಮೇಲೆ ನೆರಳಿನಿಂದ ಬರುವ ಸಣ್ಣ ಬೆಳಕೂ ಕಾಗದದಲ್ಲಿ ಗುರುತು ಬಿಡುತ್ತದೆ. ಮರದ ಬುಡದಲ್ಲಿ ಬರೀ ಕತ್ತಲೆ ಇದ್ದ ಕಡೆ ಬೇರು, ಒಣ ಎಲೆ ಕಾಣಿಸತೊಡಗುತ್ತವೆ.

ಪ್ರಶ್ನೆ: ಸ್ಕ್ಯಾನ್ ಮಾಡಿ ಬಣ್ಣ ತಿರುಗಿಸಿದರೂ ಬೋರ್ಡಿನ ಅಕ್ಷರ ಕನ್ನಡಿಯಲ್ಲಿ ನೋಡಿದ ಹಾಗಿದೆ. ಯಾಕೆ?

ಉತ್ತರ: ಫಿಲ್ಮನ್ನು ಹಿಂಬದಿಯಿಂದ ನೋಡಬಹುದು, ಕಾಗದವನ್ನು ಮುಂದಿನಿಂದ ಮಾತ್ರ. ಸ್ಕ್ಯಾನ್ ಆದ ಮೇಲೆ ಎಡ-ಬಲ ಅದಲುಬದಲು ಮಾಡಿ, ಸರಿಹೋಗುತ್ತದೆ. ಆದರೆ ಒಮ್ಮೆಯಾದರೂ ಕಾಂಟ್ಯಾಕ್ಟ್ ಪ್ರಿಂಟ್ ಹಾಕಿ ನೋಡಿ. ಹೊಸ ಕಾಗದದ ಮೇಲೆ ನೆಗೆಟಿವನ್ನು ಮುಖಕ್ಕೆ ಮುಖ ಇಟ್ಟು, ಮೇಲೆ ಗಾಜು ಒತ್ತಿ, ಬೆಳಕು ಕೊಡಿ. ಬೆಳಕು ಕಾಗದ ದಾಟಿ ಬರಬೇಕು, ಫಿಲ್ಮಿಗಿಂತ ಸಮಯ ಜಾಸ್ತಿ ಬೇಕು. ಹಿಂಬದಿಯಲ್ಲಿ ಕಂಪನಿಯ ಹೆಸರು ಅಚ್ಚಾಗಿದ್ದರೆ ಅದೂ ಮೂಡುತ್ತದೆ, ಅಚ್ಚಿಲ್ಲದ ಕಾಗದ ಆರಿಸಿಕೊಳ್ಳಿ. ಅಕ್ಷರಗಳು ತಾವಾಗೇ ನೇರವಾಗುತ್ತವೆ.